ಸರ್ದಾರಬೀ ಗುಡ್ಡದ ಮೂವತ್ತೊಂದು ಕೊಂಬುಗಳು

ಗಂಗಾವತಿ
೩ ಡಿಸೆಂಬರ್ ೨೦೨೪

ಚಿ. ಪರಮೇಶ,

ನಿನ್ನೆ ಕೊಂಬಿನ ಎಣಿಕೆ ಮುಗಿಯಿತು. ಈ ಸಲ ಮೂವತ್ತೊಂದು. ನೀನು ಎಂಟನೆಯ ತರಗತಿಯಲ್ಲಿದ್ದಾಗ, ಮೊಟ್ಟಮೊದಲ ಎಣಿಕೆಯ ಮುಂದಾಳಾಗಿ, ಹಲಗೆಯ ಮೇಲೆ ಬರೆದ ಸಂಖ್ಯೆ ಒಂಬತ್ತು. ಹದಿನೇಳು ವರ್ಷಗಳಲ್ಲಿ ಸರ್ದಾರಬೀ ಅವರ ನಲವತ್ತು ಎಕರೆ ಗುಡ್ಡದಲ್ಲಿ ಚುಕ್ಕಿ ಜಿಂಕೆಗಳು ಮೂರು ಪಟ್ಟಾದವೆಂದು ನಾನು ನಂಬಿದ್ದೇನೆ. ಕೆಲಸದಿಂದ ನಿವೃತ್ತನಾದ ಮೇಷ್ಟ್ರಿಗೆ ನಂಬುವುದಕ್ಕೆ ಇಷ್ಟಾದರೂ ಬೇಕಲ್ಲವೆ?

ಪದ್ಧತಿ ಬದಲಾಗಿಲ್ಲ. ಮಕ್ಕಳು ಉದುರಿದ ಕೊಂಬನ್ನು ಹುಡುಕುತ್ತಾರೆ, ಅಳೆಯುತ್ತಾರೆ, ನಕ್ಷೆಯಲ್ಲಿ ಗುರುತು ಹಾಕುತ್ತಾರೆ, ಬಿದ್ದಲ್ಲೇ ಬಿಡುತ್ತಾರೆ. ಮುಳ್ಳುಹಂದಿ ಅದನ್ನು ಕಡಿದು ತಿನ್ನಬೇಕು, ಉಳಿದದ್ದು ಮಣ್ಣಿಗೆ ಸೇರಬೇಕು. ಗುಡ್ಡದ್ದು ಗುಡ್ಡಕ್ಕೆ. ಹೊರಗೆ ಬರುವಾಗ ಗೇಟಿನಲ್ಲಿ ಎಲ್ಲರ ಚೀಲ ತಪಾಸಣೆ. ನಾನು ಪಕ್ಕಕ್ಕೆ ನಿಂತಿದ್ದೆ. ಸರ್ದಾರಬೀ ಬಿಡಲಿಲ್ಲ. “ಮಾಸ್ತರ್, ನಿಮ್ದೂ ಝಾಡಸ್ರಿ. ರಿಟೈರ್ ಆದಮ್ಯಾಲ ಮನಷ್ಯಾನ ಬುದ್ಧಿ ಯಾವಾಗ ಕೆಡ್ತೈತಿ ಹೇಳಾಕ ಬರೂದಿಲ್ಲ” ಎಂದರು. ನನ್ನ ಚೀಲದಿಂದ ಕನ್ನಡಕ ಮತ್ತು ಎರಡು ಬಾಳೆಹಣ್ಣು ಬಿದ್ದವು. ಮಕ್ಕಳು ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ.

ಗೇಟಿನ ಕೀಲಿ ಈಗ ಅವರ ಮಗ ಫಕ್ರುದ್ದೀನನ ಸೊಂಟದಲ್ಲಿರುತ್ತದೆ. ನಿನ್ನ ತರಗತಿಯವನೇ. ಗಿಣಿಗೇರಾದ ಒಂದು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಗುಡ್ಡ ಸುತ್ತುತ್ತಾನೆ. ಜನವರಿ ಒಂಬತ್ತಕ್ಕೆ ಕುಷ್ಟಗಿಯಲ್ಲಿ ಅವರ ನಂಟರ ಮದುವೆ, ಮನೆಮಂದಿಯೆಲ್ಲ ಹೋಗುವವರು. ಗುಡ್ಡಕ್ಕೆ ಬೀಗ ಬೀಳುವುದು ವರ್ಷದಲ್ಲಿ ಅದೊಂದೇ ದಿನವಂತೆ.

ಒಂಬತ್ತನೆಯ ತರಗತಿಯ ಹೇಮಾವತಿ ಬರೆದ ನಕ್ಷೆಯ ಪ್ರತಿಯನ್ನು ಎಂದಿನಂತೆ ಇದರೊಂದಿಗೆ ಇಟ್ಟಿದ್ದೇನೆ. ಇದನ್ನು ಫೋನಿನಲ್ಲಿ ಕಳಿಸಿದರೆ ನೀನು ಒಮ್ಮೆ ನೋಡಿ ಸರಿಸಿಬಿಡುತ್ತೀಯೆ. ಕಾಗದವಾದರೆ ಮಡಿಚಿ ಇಟ್ಟುಕೊಳ್ಳುತ್ತೀಯೆ.

ನಿನ್ನ ಹಿತವನ್ನೇ ಬಯಸುವ
ತಿಮ್ಮಣ್ಣ

೨೧ ಡಿಸೆಂಬರ್ ೨೦೨೪

ಪೂಜ್ಯ ಗುರುಗಳಿಗೆ,

ನಿಮ್ಮ ಪತ್ರವನ್ನೂ ನಕ್ಷೆಯನ್ನೂ ನಮ್ಮ ಸೇನಾ ಘಟಕದ ಗೆಳೆಯರಿಗೆಲ್ಲ ತೋರಿಸಿದೆ. ಉದುರಿದ ಕೊಂಬನ್ನು ಎಣಿಸುವ ಶಾಲೆ ದೇಶದಲ್ಲಿ ಇನ್ನೊಂದಿಲ್ಲ ಎಂದರು. ನಮ್ಮ ಕಮಾಂಡರ್ ಸಾಹೇಬರಿಗಂತೂ ಬಹಳ ಕುತೂಹಲ. ಅತಿ ದೊಡ್ಡ ಕೊಂಬು ಎಷ್ಟು ಉದ್ದವಿದೆ, ಜೋಡಿಯಾಗಿ ಬಿದ್ದವು ಎಷ್ಟು ಎಂದು ಕೇಳಿದರು. ನಕ್ಷೆಯಲ್ಲಿ ಅಳತೆ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಹೊಂಡದ ಮೇಲಿನ ಸಪಾಟು ಬಂಡೆ ಈಗಲೂ ಗಿಡಮರಗಳಿಲ್ಲದೆ ಬಯಲಾಗಿಯೇ ಇದೆಯೆ? ನಾವು ಬುತ್ತಿ ಬಿಚ್ಚುತ್ತಿದ್ದದ್ದು ಅಲ್ಲಿಯೇ.

ಒಂದು ಸಂತೋಷದ ಸುದ್ದಿ. ಜನವರಿ ಎರಡನೆಯ ವಾರ ನಮ್ಮ ಹೆಲಿಕಾಪ್ಟರುಗಳ ಹಾರಾಟದ ಅಭ್ಯಾಸ ನಿಮ್ಮ ಕಡೆಯ ಆಕಾಶದಲ್ಲಿ ನಡೆಯಲಿದೆ. ಸಹಚಾಲಕನಾಗಿ ನಾನೂ ಇರುತ್ತೇನೆ. ಶಾಲೆಯ ಮೇಲೆ ಒಮ್ಮೆ ತಗ್ಗಿ ಹಾರಲು ಪ್ರಯತ್ನಿಸುತ್ತೇನೆ. ಸರ್ದಾರಬೀ ಅವರಿಗೆ ನನ್ನ ಸಲಾಮು ತಿಳಿಸಿ. ಒಂಬತ್ತರಂದು ಅವರು ಊರಿನಲ್ಲಿರುವುದಿಲ್ಲ ಎಂಬುದೇ ಒಳ್ಳೆಯದಾಯಿತು. ಇದ್ದಿದ್ದರೆ ನಮ್ಮ ಯಂತ್ರದ ಸದ್ದಿಗೆ ಬಯ್ಯುತ್ತಿದ್ದರು.

ನಿಮ್ಮ ವಿದ್ಯಾರ್ಥಿ
ಪರಮೇಶ

ಗಂಗಾವತಿ
೧೦ ಜನವರಿ ೨೦೨೫

ಚಿ. ಪರಮೇಶ,

ಬಂದೆಯಲ್ಲ! ನಿನ್ನೆ ಹನ್ನೊಂದೂವರೆಗೆ ಸದ್ದು ಕೇಳಿದ ಕೂಡಲೇ ಇಡೀ ಶಾಲೆ ಅಂಗಳಕ್ಕೆ ಬಂದಿತು. ನೀನು ಎರಡು ಸುತ್ತು ಹಾಕಿದೆ. ಆಮೇಲೆ ಗುಡ್ಡದ ಹಿಂದೆ ಸದ್ದು ಇಳಿಯಿತು. “ಸರ್, ಕುಂತೈತ್ರಿ! ಗುಡ್ಡದ ಹಿಂದ ಕುಂತೈತಿ!” ಎಂದು ಮಕ್ಕಳು ಕುಣಿದರು. ನಾನು ಗಡಿಯಾರ ನೋಡಿದೆ, ಇಪ್ಪತ್ತೆರಡು ನಿಮಿಷ. ಯಾರೂ ಓಡಿಹೋಗಿ ನೋಡಲಿಲ್ಲ. ಬೀಗ ಹಾಕಿದ ಗುಡ್ಡಕ್ಕೆ ಕಾಲಿಡುವ ರೂಢಿ ನಮ್ಮಲ್ಲಿಲ್ಲವೆಂಬುದು ನಿನಗೆ ಗೊತ್ತು. “ತಾನು ಕಲಿತ ನೆಲಕ್ಕೆ ಕೈಮುಗಿಯಲು ಇಳಿದಿದ್ದಾನೆ” ಎಂದು ಮಕ್ಕಳಿಗೆ ಹೇಳಿದೆ. ಅದನ್ನು ಹೇಳುವಾಗ ನನ್ನ ದನಿ ನಡುಗಿತೆಂದು ಹೇಮಾವತಿ ಮನೆಯಲ್ಲಿ ವರದಿ ಮಾಡಿದ್ದಾಳಂತೆ.

ಕಾರಟಗಿಗೆ ಫೋನು ಮಾಡಿ ನಿನ್ನ ತಾಯಿಗೂ ತಿಳಿಸಿದೆ. “ಇಷ್ಟು ಹತ್ರ ಬಂದು ಹೋದ್ನೇನ್ರಿ ಸರ? ಹಡದಾಕಿ ಇಲ್ಲೇ ಅದಾಳಂತ ಒಂದು ಕೈಯರ ಬೀಸಬಾರದ?” ಎಂದು ಹೊಳಿಯಮ್ಮ ಮುನಿಸಿನಲ್ಲೇ ನಕ್ಕರು. ಸರ್ಕಾರದ ಯಂತ್ರವನ್ನು ಬೇಕಾದಲ್ಲಿ ನಿಲ್ಲಿಸಲಾಗದು ಎಂದು ನಾನೇ ಸಮಾಧಾನ ಹೇಳಿದೆ.

ಮುಂದಿನ ಸಲ ಅಂಗಳದಲ್ಲೇ ಇಳಿ. ಮಕ್ಕಳು ನಿನ್ನನ್ನು ಮುಟ್ಟಿ ನೋಡಬೇಕಂತೆ.

ಹೆಮ್ಮೆಯಿಂದ
ತಿಮ್ಮಣ್ಣ

ಗಂಗಾವತಿ
೨೯ ಜನವರಿ ೨೦೨೫

ಚಿ. ಪರಮೇಶ,

ಕೆಟ್ಟ ಸುದ್ದಿ ಬರೆಯಬೇಕಾಗಿದೆ. ಗುಡ್ಡದಲ್ಲಿ ಒಂದು ಕೊಂಬೂ ಉಳಿದಿಲ್ಲ. ಮದುವೆಯಿಂದ ಬಂದವರೇ ಸರ್ದಾರಬೀ ಜ್ವರ ಹಿಡಿದು ಮಲಗಿದ್ದರು; ಅವರ ಆರೈಕೆಯಲ್ಲಿ ಫಕ್ರುದ್ದೀನನೂ ಗುಡ್ಡ ಸುತ್ತಿರಲಿಲ್ಲ. ಎದ್ದು ಗುಡ್ಡ ಸುತ್ತಿದಾಗ ಇದು ಗೊತ್ತಾಯಿತು. ಅವರೇ ನಡೆದುಹೋಗಿ ಅರಣ್ಯದವರಿಗೆ ದೂರು ಕೊಟ್ಟರು. ಉದುರಿದ ಕೊಂಬನ್ನೂ ಯಾರೂ ಒಯ್ಯಕೂಡದು, ಮಾರಕೂಡದು ಎಂಬ ಕಾನೂನನ್ನು ನಿಮಗೆಲ್ಲ ಪಾಠದ ಮೊದಲ ದಿನವೇ ಹೇಳಿದ್ದೆನಲ್ಲ.

ಬೇಲಿ ಹರಿದಿಲ್ಲ, ಬೀಗ ಮುರಿದಿಲ್ಲ. ಕೀಲಿ ಇದ್ದವನು ಫಕ್ರುದ್ದೀನ ಒಬ್ಬನೇ. ಸಾಲದ್ದಕ್ಕೆ, ಎಮ್ಮೆಗಳಿಗೆ ನೀರು ಕುಡಿಸಲೆಂದು ಅವನು ಮದುವೆಯ ನಡುವೆಯೇ ಎದ್ದು ಸಂಜೆ ಒಬ್ಬನೇ ಊರಿಗೆ ಬಂದು ಹೋಗಿದ್ದನ್ನು ಜನ ನೋಡಿದ್ದಾರೆ.

ಬಂದ ಅಧಿಕಾರಿ ನನ್ನನ್ನೂ ಕೇಳಿದ. “ಒಂಬತ್ತನೇ ತಾರೀಕು ಗುಡ್ಡದಾಗ ಹೆಲಿಕಾಪ್ಟರ್ ಇಳದಿತ್ತಂತಲ್ರಿ?” ನನಗೆ ಸಿಟ್ಟು ಬಂದಿತು. “ದೇಶ ಕಾಯೋರು ಕೊಂಬು ಆರಸಾಕ ಇಳೀತಾರೇನ್ರಿ? ಅದರಾಗ ನನ್ನ ಕೈಯಾಗ ಕಲ್ತ ಹುಡುಗ ಇದ್ದ. ಕೊಂಬು ಎಣಸೂದು ಸುರು ಮಾಡಿದಾಂವನ ಅಂವ” ಎಂದೆ. ಹಾಗೆಂದು ಬರೆದುಕೊಡುವಿರಾ ಎಂದ. ಬರೆದುಕೊಟ್ಟೆ. ‘ಆ ಸಿಬ್ಬಂದಿಯ ಪ್ರಾಮಾಣಿಕತೆಗೆ ನಾನು ಹೊಣೆ’ ಎಂದು ಸಹಿ ಹಾಕಿದೆ. ಅವನು ಕಾಗದವನ್ನು ಮಡಿಚಿಕೊಂಡು, “ಹಂಗಾದ್ರ ಕೀಲಿ ಇದ್ದಾಂವನ ಉಳದ ನೋಡ್ರಿ” ಎಂದ. ಅಂದೇ ಫಕ್ರುದ್ದೀನನನ್ನು ಒಯ್ದರು. ಈಗ ಕೊಪ್ಪಳದ ಜೈಲಿನಲ್ಲಿದ್ದಾನೆ.

ಅವನು ಕದ್ದಿರಲಾರ. ನೀನು ಮೇಲಿನಿಂದ ನೋಡಿದವನು. ಬೇಲಿಯ ಆಸುಪಾಸಿನಲ್ಲಿ ಯಾರಾದರೂ ಓಡಾಡುವುದು ಕಂಡಿತೆ? ಬಂಡೆಯ ಮೇಲೆ ಇಳಿದಾಗ ಕೊಂಬುಗಳು ಇದ್ದವೆ? ನೀನು ಬರೆಯುವ ಎರಡು ಸಾಲು ಒಬ್ಬನನ್ನು ಬಿಡಿಸಬಹುದು. ಬೇಗ ಬರೆ.

ಆತಂಕದಿಂದ
ತಿಮ್ಮಣ್ಣ

ಗಂಗಾವತಿ
೧೮ ಫೆಬ್ರವರಿ ೨೦೨೫

ಪರಮೇಶ,

ನಿನ್ನ ಉತ್ತರ ಬಂದಿಲ್ಲ. ಫೋನು ಮಾಡಿದರೆ ಕತ್ತರಿಸುತ್ತೀಯೆ. ಹಾರಾಟದಲ್ಲಿ ಇರಬಹುದೆಂದು ಮೊದಲ ವಾರ ಅಂದುಕೊಂಡೆ.

ಹದಿನಾಲ್ಕರಂದು ಮಕ್ಕಳನ್ನು ಕರೆದುಕೊಂಡು ಗುಡ್ಡಕ್ಕೆ ಹೋಗಿದ್ದೆ. ಎಲ್ಲಾದರೂ ಒಂದೆರಡು ಕೊಂಬು ಉಳಿದಿದ್ದರೆ ಫಕ್ರುದ್ದೀನನಿಗೆ ಅನುಕೂಲವಾದೀತೆಂಬ ಆಸೆ. ಸಪಾಟು ಬಂಡೆಯ ಕೆಳಗಿನ ಕಾರೆಕಂಟಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹಾಳೆಯನ್ನು ಹೇಮಾವತಿ ತೆಗೆದು ತಂದಳು. ನೀರು ತಾಗದಂತೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿದ ಹಾಳೆ. “ಸರ್, ಇದು ನಾ ಬರದ ಮ್ಯಾಪ್ ಅಲ್ರೀ? ನೀವು ಪರಮೇಶಣ್ಣಗ ಕಳಸಿದ್ದು?” ಎಂದಳು. ಹೌದು, ಅದೇ. ಮೇಲೆ ಕೆಂಪು ಮೇಣದ ಪೆನ್ಸಿಲಿನಿಂದ ಹನ್ನೆರಡು ಕಡೆ ಸುತ್ತು ಹಾಕಲಾಗಿದೆ. ಹನ್ನೆರಡೂ ದೊಡ್ಡ ಕೊಂಬುಗಳಿದ್ದ ಜಾಗಗಳು. ಅಂಚಿನಲ್ಲಿ ಒಂದರಿಂದ ನಾಲ್ಕರವರೆಗೆ ಅಂಕಿ; ಯಾರು ಯಾವ ದಿಕ್ಕಿಗೆ ಹೋಗಬೇಕೆಂಬ ಬಾಣಗಳು.

‘ಹಾರುವಾಗ ಗಾಳಿಗೆ ಬಿದ್ದಿರಬೇಕು ಬಿಡವ್ವ’ ಎಂದು ಆ ಮಗುವಿಗೆ ಹೇಳಿದೆ. ಅವಳು ನಂಬಿದಳು. ಮಕ್ಕಳು ನಾನು ಹೇಳಿದ್ದನ್ನು ನಂಬುತ್ತಾರೆ. ಮೂವತ್ತಾರು ವರ್ಷ ಅದರ ಮೇಲೆಯೇ ನಾನು ಪಾಠ ಮಾಡಿದ್ದು.

ನಕ್ಷೆ ನನ್ನ ಕಪಾಟಿನಲ್ಲಿದೆ. ಇನ್ನೂ ಯಾರಿಗೂ ತೋರಿಸಿಲ್ಲ. ನೀನು ಏನೋ ಒಂದು ಹೇಳುತ್ತೀಯೆ, ಅದು ನನಗೆ ಈಗ ಹೊಳೆಯದ ಒಂದು ಸರಳ ಕಾರಣವಾಗಿರುತ್ತದೆ ಎಂದು ಕಾಯುತ್ತಿದ್ದೇನೆ.

ತಿಮ್ಮಣ್ಣ

೪ ಮಾರ್ಚ್ ೨೦೨೫

ಪೂಜ್ಯ ಗುರುಗಳಿಗೆ,

ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಕೊಂಬುಗಳನ್ನು ತಂದವರು ನಾವೇ. ನಾಲ್ವರಿದ್ದೆವು. ಕಮಾಂಡರ್ ಸಾಹೇಬರು ಮೇ ತಿಂಗಳಲ್ಲಿ ಬೇರೆಡೆಗೆ ಹೋಗುತ್ತಾರೆ. ಬೀಳ್ಕೊಡುಗೆಗೆ ಗೋಡೆಯ ಮೇಲೆ ತೂಗುಹಾಕಲು ಒಂದು ದೊಡ್ಡ ಜೋಡಿ ಸಿಕ್ಕರೆ ಚೆನ್ನ ಎಂದು ಮಾತು ಬಂತು. ನಾನು ನಕ್ಷೆ ತೋರಿಸಿದ್ದು ಹೆಮ್ಮೆಯಿಂದ, ದುರುದ್ದೇಶದಿಂದಲ್ಲ. ಎರಡೇ ಎಂದು ಇಳಿದೆವು. ಇಳಿದ ಮೇಲೆ ಒಬ್ಬೊಬ್ಬರಿಗೂ ಬೇಕಾಯಿತು; ನಕ್ಷೆಯಲ್ಲಿ ಹನ್ನೆರಡಕ್ಕೆ ಸುತ್ತು ಹಾಕಿದೆವು, ಕೊನೆಗೆ ಕಂಡದ್ದನ್ನೆಲ್ಲ ತುಂಬಿಕೊಂಡೆವು. ಯಾರನ್ನೂ ಹೊಡೆಯಲಿಲ್ಲ, ಏನನ್ನೂ ಮುರಿಯಲಿಲ್ಲ. ಉದುರಿ ಬಿದ್ದದ್ದು, ಮುಳ್ಳುಹಂದಿಯ ಪಾಲಾಗುವಂಥದ್ದು.

ಒಬ್ಬ ಗೆಳೆಯ ಕೊಂಬು ಹಿಡಿದ ಚಿತ್ರವನ್ನು ಫೋನಿನಲ್ಲಿ ಹಂಚಿಕೊಂಡ. ಅದು ಮೇಲಿನವರ ಕಣ್ಣಿಗೆ ಬಿದ್ದು ಈಗ ವಿಚಾರಣೆ ಆರಂಭವಾಗಿದೆ. ಅಪ್ಪಣೆಯಿಲ್ಲದೆ ಇಳಿದದ್ದಕ್ಕೆ ನನ್ನ ಹಾರಾಟದ ಪರವಾನಗಿ ಹೋಗುತ್ತದೆ. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತವನ ಮಗ ಇಲ್ಲಿಯವರೆಗೆ ಹೇಗೆ ಬಂದನೆಂಬುದು ನಿಮಗಿಂತ ಬೇರೆ ಯಾರಿಗೆ ಗೊತ್ತು?

ಉಪಾಯ ಒಂದೇ. ಶಾಲೆಯ ವಸ್ತುಸಂಗ್ರಹಕ್ಕಾಗಿ ಕೊಂಬುಗಳನ್ನು ಸಂಗ್ರಹಿಸಿಕೊಡಿ ಎಂದು ನೀವೇ ಕೋರಿದ್ದಿರಿ, ಒಡೆಯರ ಒಪ್ಪಿಗೆಯೂ ಇತ್ತು ಎಂದು ಡಿಸೆಂಬರ್ ತಾರೀಕು ಹಾಕಿ ಒಂದು ಪತ್ರ ಕೊಡಿ. ನೀವು ಆಗಲೇ ನಮ್ಮ ಪರವಾಗಿ ಒಂದು ಸಹಿ ಹಾಕಿದ್ದೀರಿ. ಇದು ಇನ್ನೊಂದು, ಅಷ್ಟೆ. ಫಕ್ರುದ್ದೀನನಿಗೆ ಹೇಗೂ ಜಾಮೀನು ಸಿಗುತ್ತದೆ; ಅಂಥ ಪ್ರಕರಣಗಳು ಬಹಳ ದಿನ ನಡೆಯುವುದಿಲ್ಲ.

ಈ ಪತ್ರವನ್ನು ಓದಿದ ಮೇಲೆ ಸುಟ್ಟುಬಿಡಿ.

ನಿಮ್ಮ
ಪರಮೇಶ

ಗಂಗಾವತಿ
೧೩ ಮಾರ್ಚ್ ೨೦೨೫

ಪರಮೇಶ,

ನಿನ್ನ ಪತ್ರ ತಲುಪಿದ ದಿನವೇ ನಕ್ಷೆಯನ್ನು ತೆಗೆದುಕೊಂಡು ಸರ್ದಾರಬೀ ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದರು. ನಕ್ಷೆಯನ್ನು ಮುಂದಿಟ್ಟು ಎಲ್ಲವನ್ನೂ ಹೇಳಿದೆ. ನನ್ನ ಸಹಿಯ ಸಂಗತಿಯನ್ನೂ. ಬಯ್ಯುತ್ತಾರೆಂದು ಕಾದೆ.

“ಇದು ಯಾವಾಗ ಸಿಕ್ಕಿತ್ರಿ ಮಾಸ್ತರ್?”

“ಹೋದ ತಿಂಗಳ ಹದಿನಾಲ್ಕಕ್ಕ.”

ಅವರು ಬೆರಳು ಮಡಿಚಿ ಎಣಿಸಿದರು. “ಇಪ್ಪತ್ತಾರು ದಿವ್ಸ. ನನ್ನ ಮಗ ಜೇಲಿನ್ಯಾಗ ಇದ್ದ, ಕಾಗದ ನಿಮ್ಮ ಕಪಾಟಿನ್ಯಾಗ ಇತ್ತು.”

ನಾನು ಏನೋ ಹೇಳಲು ಹೋದೆ. ನೀನು ಬಡತನದಿಂದ ಮೇಲೆ ಬಂದವನು, ನಿನ್ನ ಬಾಳು ಕೆಡಬಾರದೆಂದು ಕಾದೆ, ನೀನಿನ್ನೂ ಹುಡುಗ ಎಂದೆ.

“ಅಂವ ಹುಡುಗ. ಫಕ್ರು ಯಾರ್ರಿ? ಅಂವನೂ ನಿಮ್ಮ ಸಾಲ್ಯಾಗ ಕಲ್ತಾಂವ. ಒಂದ ಬೆಂಚಿನ ಮ್ಯಾಲ ಕುಂದರಸಿದ್ರಿ ಇಬ್ರನ್ನೂ. ಒಬ್ಬಾಂವ ಮ್ಯಾಲ ಹಾರಿದ ಅಂತ ಅಂವನ ಹೆಸರು ನೆನಪಿಟ್ರಿ. ಇಂವ ನೆಲದ ಮ್ಯಾಲ ಉಳದ, ಇಂವನ್ನ ಮರತ್ರಿ.”

ಪರಮೇಶ, ನನ್ನ ಶಿಕ್ಷಕ ವೃತ್ತಿಯ ಬಗ್ಗೆ ಇದಕ್ಕಿಂತ ನಿಜವಾದ ಮಾತನ್ನು ಯಾವ ಅಧಿಕಾರಿಯೂ ಬರೆದಿಲ್ಲ. ನೀನು ವಂಚಿಸಿದೆಯೆಂದು ಹೇಳುವ ಮೊದಲು, ನಾನು ಇನ್ನೊಬ್ಬ ವಿದ್ಯಾರ್ಥಿಗೆ ವಂಚಿಸಿದ್ದನ್ನು ಒಪ್ಪಿಕೊಳ್ಳಬೇಕಾಯಿತು.

ನಿನ್ನೆ ಅರಣ್ಯದವರ ಕಚೇರಿಗೆ ಹೋಗಿ ಹಿಂದಿನ ಹೇಳಿಕೆಯನ್ನು ವಾಪಸು ಪಡೆದೆ, ನಕ್ಷೆಯನ್ನು ಒಪ್ಪಿಸಿದೆ. ನೀನು ಕೇಳಿದ ಪತ್ರವನ್ನು ಬರೆಯುವುದಿಲ್ಲ. ಆದರೆ ನೀನು ತಪ್ಪೊಪ್ಪಿಕೊಂಡ ಪತ್ರವನ್ನು ನಾನು ಯಾರಿಗೂ ಕೊಟ್ಟಿಲ್ಲ, ಸುಟ್ಟೂ ಇಲ್ಲ. ಸತ್ಯ ನಿನ್ನ ಬಾಯಿಂದಲೇ ಬರಲಿ ಎಂಬ ಆಸೆ ಇನ್ನೂ ಇದೆ. ವಿಚಾರಣೆಯಲ್ಲಿ ನೀನೇ ಎದ್ದು ಹೇಳು. ಹಾರುವ ಕೆಲಸ ಹೋದರೆ ಹೋಗಲಿ. ಬಾ, ಇಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ. ಮೂವತ್ತು ವರ್ಷದವನಿಗೆ ಎರಡನೆಯ ಬಾಳು ಕಷ್ಟವಲ್ಲ.

ಇನ್ನೂ ನಿನ್ನವನೇ ಆದ
ತಿಮ್ಮಣ್ಣ

೨೪ ಮಾರ್ಚ್ ೨೦೨೫

ಗುರುಗಳಿಗೆ,

ನಿಮ್ಮ ಪತ್ರ ಕೈಸೇರುವ ಮೊದಲೇ ನಾನು ಹೇಳಿಕೆ ಕೊಟ್ಟಾಗಿತ್ತು. ಸಾಹೇಬರು ಹೇಳಿದಂತೆ ನಾಲ್ವರೂ ಒಂದೇ ಮಾತು ಬರೆದುಕೊಟ್ಟಿದ್ದೇವೆ: ಶಾಲೆಯ ಕೋರಿಕೆಯ ಮೇರೆಗೆ ಇಳಿದೆವು ಎಂದು. ಸಾಕ್ಷಿಯಾಗಿ ನಿಮ್ಮ ಡಿಸೆಂಬರ್ ಮೂರರ ಪತ್ರವನ್ನು ಒಪ್ಪಿಸಿದ್ದೇನೆ. ಕೊಂಬುಗಳಿರುವ ಜಾಗದ ನಕ್ಷೆ ಕಳುಹಿಸಿದವರು ನೀವು. ಮನೆಯವರು ಇಲ್ಲದ ದಿನವನ್ನು ತಿಳಿಸಿದವರೂ ನೀವು. ಅದನ್ನು ಓದಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ನಿಮ್ಮನ್ನು ಕರೆಯಬಹುದು. ಅಲ್ಲಗಳೆಯಬೇಡಿ ಎಂದು ಬೇಡಿಕೊಳ್ಳುತ್ತೇನೆ. ನೀವು ನಿವೃತ್ತರು, ನೌಕರಿ ಕಳೆದುಕೊಳ್ಳುವ ಭಯ ನಿಮಗಿಲ್ಲ. ನನಗೆ ಎಲ್ಲವೂ ಇದೆ. ಇದನ್ನು ಬರೆಯುವಾಗ ನಾಚಿಕೆಯಾಗಲಿಲ್ಲ ಎಂದುಕೊಳ್ಳಬೇಡಿ. ಮೂರು ಸಲ ಹರಿದು ಬರೆದಿದ್ದೇನೆ.

ಪರಮೇಶ

ಗಂಗಾವತಿ
೫ ಏಪ್ರಿಲ್ ೨೦೨೫

ಪರಮೇಶ,

ಕರೆ ಬಂದಿದೆ. ಇದೇ ಹದಿನೇಳರಂದು ನಿಮ್ಮ ವಿಚಾರಣೆಗೆ ನಾನು ಹಾಜರಾಗಬೇಕು.

ನನ್ನ ಡಿಸೆಂಬರ್ ಪತ್ರದ ಪ್ರತಿಯನ್ನೂ ಅದರೊಂದಿಗೆ ಕಳಿಸಿದ್ದಾರೆ. ನಾನೇ ಬರೆದದ್ದನ್ನು ಅಪರಿಚಿತನಂತೆ ಓದಿದೆ. ನೀನು ಹೇಳಿದ್ದು ಸರಿ; ಹಾಗೆಯೇ ಅನ್ನಿಸುತ್ತದೆ. ಮದುವೆಯ ಸುದ್ದಿ, ಬೀಗದ ಸುದ್ದಿ, ಅಳತೆ, ನಕ್ಷೆ. ಊರಿನ ಸಂಗತಿ ಕೇಳಿ ನಿನಗೆ ಸಂತೋಷವಾದೀತೆಂದು ಬರೆದ ಪ್ರತಿಯೊಂದು ಸಾಲೂ ಕಳ್ಳನಿಗೆ ಕೊಟ್ಟ ಸೂಚನೆಯಂತಿದೆ. ಕೊಂಬು ಒಯ್ದದ್ದನ್ನು ಒಂದು ದಿನ ಕ್ಷಮಿಸಿಬಿಡುತ್ತಿದ್ದೆನೇನೋ. ವಯಸ್ಸು, ಸಹವಾಸ, ಸಾಹೇಬರ ಆಸೆ ಎಂದು ಏನಾದರೂ ನೆವ ಹುಡುಕುತ್ತಿದ್ದೆ. ನಿಮಗಾಗಿ ನೆವ ಹುಡುಕುವುದು ನನಗೆ ಅಭ್ಯಾಸವಾಗಿ ಹೋಗಿದೆ. ಆದರೆ ನನ್ನ ಅಕ್ಕರೆಯಿಂದಲೇ ನನ್ನ ಮೇಲೆ ಸಾಕ್ಷಿ ಹೇಳಿಸಿದೆಯಲ್ಲ, ಅದಕ್ಕೆ ನೆವ ಸಿಗುತ್ತಿಲ್ಲ.

ಫಕ್ರುದ್ದೀನ ಮೊನ್ನೆ ಜಾಮೀನಿನ ಮೇಲೆ ಹೊರಬಂದ. ಕಾರ್ಖಾನೆಯವರು ಇನ್ನೂ ಕೆಲಸಕ್ಕೆ ಕರೆದಿಲ್ಲ. ಪ್ರಕರಣ ಬಿದ್ದುಹೋದ ಮೇಲೆ ನೋಡೋಣ ಎಂದಿದ್ದಾರೆ. ನಾನು ಕ್ಷಮೆ ಕೇಳಲು ಹೋದೆ. ತೆಳ್ಳಗಾಗಿದ್ದಾನೆ. ನನಗೆ ಕುರ್ಚಿ ಹಾಕಿ ತಾನು ಕಟ್ಟೆಯ ಮೇಲೆ ಕುಳಿತ. “ಪರಮ್ಯಾ ಬರ್ತಾನಂತ ಒಂದು ಮಾತು ಹೇಳಿದ್ರ ನಾ ಮದುವಿಗೇ ಹೋಗ್ತಿದ್ದಿಲ್ರಿ ಸರ್. ಗೇಟ್ ತಗದು ನಿಂದರತಿದ್ದೆ. ಹೆಲಿಕಾಪ್ಟರಿನ್ಯಾಗ ಕುಂತ ಅಂವನ್ನ ಒಮ್ಮಿ ನೋಡಬೇಕಿತ್ತು” ಎಂದ. ಸರ್ದಾರಬೀ ಒಳಗಿನಿಂದಲೇ ಕೂಗಿದರು: “ಗೇಟಿನ ಮಾತು ಬಿಡ್ರಿ. ಮಾಸ್ತರ್, ಮುಂದಿನ ವರ್ಸದಿಂದ ಸಾಲಿ ಮಕ್ಳನ್ನ ಕರಕೊಂಡು ಬರಬ್ಯಾಡ್ರಿ. ನನ್ನ ಗುಡ್ಡದಾಗ ಏನೈತಿ ಅಂತ ಇನ್ನ ಯಾರಿಗೂ ಗೊತ್ತಾಗೂದು ಬ್ಯಾಡ.”

ಅದನ್ನು ಮಕ್ಕಳಿಗೆ ತಿಳಿಸಬೇಕಿತ್ತು. ಯಾಕೆ ಎಂದು ಕೇಳಿದರು. ಗಾಳಿಗೆ ಬಿದ್ದಿತೆಂದು ಹೇಳಿದ ಆ ಸುಳ್ಳಿನಿಂದಲೇ ಆರಂಭಿಸಿ, ನಿನ್ನ ಹೆಸರನ್ನೂ ನನ್ನ ಹೆಸರನ್ನೂ ಮರೆಮಾಚದೆ ಎಲ್ಲ ಹೇಳಿದೆ. ಹೇಮಾವತಿ ಮಾತ್ರ ನನ್ನ ಮುಖ ನೋಡಲಿಲ್ಲ. ನಕ್ಷೆ ಬರೆದವಳು ಅವಳಲ್ಲವೆ?

ನಿನ್ನ ತಾಯಿಯೂ ಬಂದಿದ್ದರು, ಕಾರಟಗಿಯಿಂದ ಎರಡು ಬಸ್ಸು ಬದಲಿಸಿ. “ನೀವ ಮ್ಯಾಲ ಹತ್ತಿಸಿದ್ರಿ ಸರ, ನೀವ ಇಳಸಬ್ಯಾಡ್ರಿ” ಎಂದು ಒಂದೇ ಮಾತು ಹೇಳಿ ಅತ್ತರು. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದು, ಬಸ್ಸು ಹತ್ತಿಸಿ ಬಂದೆ.

ಹದಿನೇಳರಂದು ನಿನ್ನ ಮೂರು ಪತ್ರಗಳನ್ನೂ ತರುತ್ತೇನೆ. ಸುಟ್ಟುಬಿಡಿ ಎಂದದ್ದನ್ನೂ, ಅಲ್ಲಗಳೆಯಬೇಡಿ ಎಂದದ್ದನ್ನೂ ಓದಿ ಹೇಳುತ್ತೇನೆ. ಫಕ್ರುದ್ದೀನನ ಹೆಸರು ತೊಳೆಯಲು ಬೇರೆ ದಾರಿಯಿಲ್ಲ. ನಾನು ಹೇಳುವುದಕ್ಕೆ ಮೊದಲು ನೀನು ಹೇಳಬಹುದು. ಆ ಬಾಗಿಲು ಅಲ್ಲಿಯವರೆಗೆ ತೆರೆದಿರುತ್ತದೆ.

ಒಂದೇ ಒಂದು ಕೋರಿಕೆ. ನಾನು ಆ ಕೋಣೆಗೆ ಬರುವಾಗ ನೀನು ಎದ್ದು ನಿಲ್ಲಬೇಡ. ಕುಳಿತೇ ಇರು, ಬೇಕಾದರೆ ಮುಖ ತಿರುಗಿಸು. ನೀನು ಎದ್ದು ನಿಂತರೆ ನನ್ನಿಂದ ಓದುವುದಾಗುವುದಿಲ್ಲ.

ತಿಮ್ಮಣ್ಣ